ಕಹಿಯಿಲ್ಲದ ಮಾತ್ರೆ

ಜುಲೈಕಾಳ ಮನೆಯಲ್ಲಿ ಕಳವಾದ ಸುದ್ದಿ ಅಂಚೆಯಲ್ಲಿ ಬಂತು. ಏನು ಕಳವಾಯಿತು, ಯಾರು ಕದ್ದರು — ಅದರಲ್ಲಿ ಒಂದೂ ಇರಲಿಲ್ಲ. ಇದ್ದದ್ದು ಒಂದು ಸಂಖ್ಯೆ ಮಾತ್ರ: ಎಂಬತ್ತಾರು ಸಾವಿರ.

ಮೂಡುಬಿದಿರೆಯ ಆ ಚಿಕ್ಕ ಕ್ಲಿನಿಕ್ಕಿನ ಹಿಂಬದಿ ಕೋಣೆಯಲ್ಲಿ ಲ್ಯಾಬಿನ ಶಶಿಪ್ರಭಾ ಹಾಳೆಯನ್ನು ಅವಳ ಕಡೆಗೆ ತಿರುಗಿಸಿ ಇಟ್ಟರು. ಐವತ್ತರ ಆಚೆಯ ಹೆಂಗಸು. ಕನ್ನಡಕದ ಮೇಲಿನಿಂದ ನೋಡುವ ಅಭ್ಯಾಸ.

"ಮೂರು ತಿಂಗಳ ಹಿಂದೆ ನಿಮ್ಮ ರಕ್ತದಲ್ಲಿ ವೈರಸ್ಸು ಲೆಕ್ಕಕ್ಕೇ ಸಿಗದಷ್ಟು ಕಡಿಮೆ ಇತ್ತು. ಈಗ ಇಷ್ಟು. ಮಾತ್ರೆ ಬಿಟ್ಟಿದ್ದೀರಾ?"

"ಒಂದು ಹೊತ್ತು ಬಿಟ್ಟಿಲ್ಲ ಮೇಡಂ."

"ಡಾಕ್ಟರು ನಂಬುವುದಿಲ್ಲ."

"ನೀವು?"

ಶಶಿಪ್ರಭಾ ಕೈ ಚಾಚಿದರು. "ಬಾಟಲಿ ತಂದಿದ್ದೀರಾ?" ಅಂದರು.

ಜುಲೈಕಾ ಬ್ಯಾಗಿನೊಳಗೆ ಕೈ ಹಾಕಿದಳು. ಗಂಡ ನಾಸಿರ್ ತೀರಿಕೊಂಡು ಐದು ವರ್ಷ. ಊರೆಲ್ಲ ನಂಬಿದ್ದು ಜಾಂಡೀಸ್ ಎಂದು. ನಿಜವಾದ ಹೆಸರು ಅವಳಿಗೆ ಗೊತ್ತಾದದ್ದು ಅವಳ ರಕ್ತದಲ್ಲೂ ಅದೇ ಕಾಯಿಲೆ ಸಿಕ್ಕಿದಾಗ — ಗಂಡನಿಂದ ಹೆಂಡತಿಗೆ ದಾಟುವಂಥದ್ದು, ಊರು ಮುಟ್ಟಲೂ ಹೆದರುವಂಥದ್ದು. ಎಂಟು ವರ್ಷದ ಮಗಳು ರಿಫಾಳಿಗೆ ಇಲ್ಲ, ಪುಣ್ಯ. ಸಿದ್ಧಕಟ್ಟೆಯ ಗಂಡನ ಮನೆಯಲ್ಲಿ ತಾಯಿ ಮಗಳಿಗೆ ಇರುವುದು ಒಂದು ಕೋಣೆ. ಗುಟ್ಟು ಹೊರಬಿದ್ದ ದಿನ ಆ ಕೋಣೆಯೂ ಇರುವುದಿಲ್ಲ. ಹಾಗಾಗಿ ಕ್ಲಿನಿಕ್ಕಿಗೆ ಬರುವ ಸೋಮವಾರಗಳಿಗೆ ಮನೆಯಲ್ಲಿ ಹೊಲಿಗೆ ಕ್ಲಾಸು ಎಂದು ಹೆಸರು. ಸರಕಾರದ ಮಾತ್ರೆಗಳಿಗೆ ಕ್ಯಾಲ್ಸಿಯಂ ಎಂದು ಹೆಸರು. ಅಂಥದೇ ಒಂದು ಹಳೆಯ ಬಾಟಲಿಗೆ ಸುರಿದು ಇಡುತ್ತಿದ್ದಳು.

ಶಶಿಪ್ರಭಾ ಮಾತ್ರೆಗಳನ್ನು ಕಾಗದದ ಮೇಲೆ ಸುರಿದು ಎಣಿಸಿದರು. ಹದಿನಾಲ್ಕು. ಸರಿಯಾಗಿ ಎಷ್ಟು ಉಳಿಯಬೇಕೋ ಅಷ್ಟು. ಒಂದನ್ನು ಮುರಿದರು. ಪುಡಿಯನ್ನು ನಾಲಿಗೆಗೆ ತಾಗಿಸಿದರು. ಇನ್ನೊಂದನ್ನೂ ಮುರಿದು ಹಾಗೆಯೇ ನೋಡಿದರು.

"ಇದು ಕಹಿ ಇರಬೇಕಲ್ಲ?"

"ಮೊದಲು ಇತ್ತು. ಈಗ ಇಲ್ಲ. ಕಂಪೆನಿ ಬದಲಾಯಿತೋ ಏನೋ ಅಂತ..."

"ಯಾವಾಗಿನಿಂದ ಇಲ್ಲ?"

"ಏಳು ವಾರ ಆಗಿರಬಹುದು. ಮೇಡಂ, ಎಂಥ ಇದು?"

"ಕ್ಯಾಲ್ಸಿಯಂ. ಬಾಟಲಿಯ ಮೇಲೆ ನೀವು ಅಂಟಿಸಿದ ಸುಳ್ಳನ್ನು ಯಾರೋ ನಿಜ ಮಾಡಿದ್ದಾರೆ ಮಾರಾಯ್ತಿ."

ಜುಲೈಕಾ ಮುರಿದ ಮಾತ್ರೆಯನ್ನು ನೋಡಿದಳು. ಯಾರೋ. ಅಂದರೆ ಮನೆಯೊಳಗಿನವರೇ. ಎರಡು ಹೊತ್ತು ನೀರು ಕುಡಿದು, ಅಲ್ಲಾಹನ ಹೆಸರು ಹೇಳಿ ಅವಳು ನುಂಗಿದ್ದು ಬರೀ ಸುಣ್ಣದಂಥ ಪುಡಿ. ಅದನ್ನು ನೋಡುತ್ತಾ ಯಾರೋ ಸುಮ್ಮನೆ ಕುಳಿತಿದ್ದರು — ಕಾಯುತ್ತಾ?

"ನಾನು ಸಾಯಲಿ ಅಂತಲಾ ಮೇಡಂ?"

"ಗೊತ್ತಿಲ್ಲ. ಆದರೆ ಒಂದು ಅದೃಷ್ಟ ಉಂಟು. ಮೊದಲು ಈ ಪರೀಕ್ಷೆಗೆ ಸಾವಿರಗಟ್ಟಲೆ ಬೇಕಿತ್ತು. ವರ್ಷಕ್ಕೊಮ್ಮೆ ಮಾಡಿಸಿದರೆ ದೊಡ್ಡದು. ಈಗ ಬೆರಳಿನ ನಾಲ್ಕು ಹನಿ ದಪ್ಪ ಕಾಗದಕ್ಕೆ ಒತ್ತಿ, ಒಣಗಿಸಿ, ಲಕೋಟೆಯಲ್ಲಿ ಕಳಿಸ್ತೇವೆ. ಅಗ್ಗ ಆದದ್ದಕ್ಕೆ ಮೂರು ತಿಂಗಳಿಗೊಮ್ಮೆ. ವರ್ಷಕ್ಕೊಮ್ಮೆ ಆಗಿದ್ದರೆ ಕಳ್ಳ ಯಾವ ತಿಂಗಳು ಬಂದ ಅಂತಲೇ ತಿಳಿಯುತ್ತಿರಲಿಲ್ಲ." ಅವರು ಬಾಟಲಿಯನ್ನು ತನ್ನ ಚೀಲಕ್ಕೆ ಹಾಕಿಕೊಂಡರು. "ಮನೆಯಲ್ಲಿ ಯಾರೆಲ್ಲ ಇದ್ದೀರಿ?"

"ನಾನು, ರಿಫಾ. ಅತ್ತೆ ಬೀಯಮ್ಮ. ಮೈದುನ ಅಜ್ಮಲ್. ನಾದಿನಿ ರಾಫಿಯಾ ಹೆರಿಗೆಗೆ ಬಂದಿದ್ದಾಳೆ."

"ಈ ಏಳೆಂಟು ವಾರದಲ್ಲಿ ಹೊಸತು ಎಂಥ?"

"ರಾಫಿಯಾ ಬಂದದ್ದು ಆಗಲೇ. ಮತ್ತೆ..." ಜುಲೈಕಾ ಸ್ವರ ತಗ್ಗಿಸಿದಳು. "ಅಜ್ಮಲ್ ಗುರುವಾಯನಕೆರೆಯಲ್ಲಿ ಕೆಲಸಕ್ಕೆ ಸೇರಿದ್ದು ಆಗಲೇ. ಮೆಡಿಕಲ್ ಶಾಪಿನಲ್ಲಿ."

ಶಶಿಪ್ರಭಾ ಕನ್ನಡಕ ತೆಗೆದು ಒರೆಸಿದರು.

"ಬಾಟಲಿ ನೋಡಿ ಅವನು ಏನಾದರೂ ಕೇಳಿದ್ದುಂಟಾ?"

"ಇಲ್ಲ. ಅತ್ತೆ ಒಮ್ಮೆ ಕೇಳಿದ್ದರು, ಆ ಶಕ್ತಿ ಮಾತ್ರೆ ರಾಫಿಯಾಳಿಗೂ ಕೊಡು ಅಂತ. ನನಗೆ ಜೀವವೇ ಹೋದ ಹಾಗಾಯಿತು. ಯಾರಿಗೂ ಕೊಡುವುದಿಲ್ಲ ಅಂತ ಕಿರುಚಿಬಿಟ್ಟೆ."

"ಹೋಗುವ," ಎಂದರು ಶಶಿಪ್ರಭಾ, ಎದ್ದು. "ನಿಮ್ಮ ಹೊಲಿಗೆ ಟೀಚರನ್ನು ಮನೆಯವರಿಗೆ ತೋರಿಸುವ. ಕತ್ತಲಾಗುವುದರೊಳಗೆ ನಾನು ವಾಪಸು ಬರಬೇಕು. ಸೂರ್ಯ ಮುಳುಗಿದ ಮೇಲೆ ನಾವು ಜೈನರು ಉಣ್ಣುವುದಿಲ್ಲ, ನನಗೆ ಹಸಿವು ಜಾಸ್ತಿ."

ಸಿದ್ಧಕಟ್ಟೆಯ ಬಸ್ಸಿನಲ್ಲಿ ಜುಲೈಕಾ ಕಿಟಕಿಯ ಕಂಬಿ ಹಿಡಿದೇ ಕೂತಳು.

ಬೀಯಮ್ಮ ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದರು. ಮಡಿಲಲ್ಲಿ ಎಲೆ ತುಂಬಿದ ತಡ್ಪೆ, ಚಿಕ್ಕ ಮೊರ. ಬೆರಳುಗಳಿಗೆ ಕಣ್ಣು ಬೇಕಾಗಿರಲಿಲ್ಲ. ಕಣ್ಣುಗಳು ಆರಾಮವಾಗಿ ಬಂದವರನ್ನು ಅಳೆದವು.

"ಓ, ನೀವಾ ಟೀಚರ್? ವರ್ಷ ಆಯ್ತು, ಇವಳಿಗೆ ಒಂದು ಗುಂಡಿ ಹೊಲಿಯಲಿಕ್ಕೆ ಬರುವುದಿಲ್ಲ. ಎಂಥ ಕಲಿಸ್ತೀರಿ ನೀವು?"

"ಇನ್ನೂ ಅಳತೆ ತೆಗೆಯುವುದರಲ್ಲೇ ಇದ್ದೇವೆ ಬೀಯಮ್ಮ."

"ಒಂದು ವರ್ಷ ಅಳತೆಯಾ! ಅಷ್ಟರಲ್ಲಿ ಮನುಷ್ಯನೇ ದಪ್ಪ ಆಗ್ತಾನೆ." ಬೀಯಮ್ಮ ನಕ್ಕರು. "ಚಾ ಕುಡಿಯುವುದಿಲ್ಲವಾ? ಹಾಗಾದ್ರೆ ಬೊಂಡ ಕುಡಿಯಿರಿ. ರಾಫಿಯಾ, ಒಂದು ಬೊಂಡ ತಾ."

ಎಂಟು ತಿಂಗಳ ಹೊಟ್ಟೆ ಹೊತ್ತ ರಾಫಿಯಾ ಎಳನೀರು ತಂದಳು. ಆ ಸೆಕೆಯಲ್ಲೂ ಉದ್ದ ತೋಳಿನ ಅಂಗಿ. ಕೊಡುವಾಗ ತೋಳು ಮೇಲೆ ಸರಿಯಿತು. ಒಳಗೆಲ್ಲಾ ಕೆಂಪು ದದ್ದು.

"ಇದೆಂಥ ಮಗಳೇ?" ಕೇಳಿದರು ಶಶಿಪ್ರಭಾ.

ಉತ್ತರ ಬೀಯಮ್ಮನದು. "ಸಿಗಡಿ ತಿಂದದ್ದು. ಬಸುರಿಯ ಮೈಗೆ ಹಿಡಿಯಲಿಲ್ಲ."

"ತಿನ್ನುವುದು ನಿಲ್ಲಿಸಿದಿರಾ?"

"ಮೂರು ವಾರ ಆಯ್ತು."

"ತುರಿಕೆ ನಿಂತಿತಾ?"

"ನಿಂತರೆ ತುರಿಸಿಕೊಳ್ತಿದ್ದಳಾ?"

ಅಷ್ಟರಲ್ಲಿ ಅಂಗಳಕ್ಕೆ ಅಜ್ಮಲ್ ಬಂದ. ಜುಲೈಕಾ ಕಂಬಕ್ಕೆ ಒರಗಿದಳು. ಅವನ ಕೈಯಲ್ಲಿ ಒಂದು ಡಬ್ಬಿ ಇತ್ತು — ಕ್ಯಾಲ್ಸಿಯಂ ಮಾತ್ರೆಯ ಡಬ್ಬಿ.

"ಹಿಡಿ ರಾಫಿಯಾ. ಎಷ್ಟು ತಿಂತೀಯ ಮಾರಾಯ್ತಿ! ದಿನಕ್ಕೆ ಎರಡು ಅಂತ ಬರೆದದ್ದು. ಮೊನ್ನೆ ಮೊನ್ನೆ ನೂರು ತಂದಿದ್ದೆ. ಮೂರು ವಾರದಲ್ಲಿ ಖಾಲಿ!"

"ನಾನೆಲ್ಲಿ ತಿಂದೆ? ಉಮ್ಮ ಕೊಟ್ಟಷ್ಟೇ ತಿನ್ನುವುದು ನಾನು," ಎಂದಳು ರಾಫಿಯಾ.

ಬೀಯಮ್ಮನ ಬೆರಳುಗಳು ಒಂದು ಕ್ಷಣ ನಿಂತವು. ಮತ್ತೆ ನಡೆದವು.

ಶಶಿಪ್ರಭಾ ಬೊಂಡವನ್ನು ಕೆಳಗಿಟ್ಟರು. ರಾಫಿಯಾಳ ಗಲ್ಲ ಹಿಡಿದು ಬೆಳಕಿನ ಕಡೆ ತಿರುಗಿಸಿದರು. ಕಣ್ಣಿನ ಬಿಳಿಯಲ್ಲಿ ಹಳದಿ. ಹೆಚ್ಚಲ್ಲ. ಆದರೆ ಹಳದಿಯೇ.

"ಅಜ್ಮಲ್, ಒಂದು ಜೀಪು ಸಿಗ್ತದಾ? ಈಗಲೇ. ಇವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು."

ಹೊಲಿಗೆ ಟೀಚರಿಗೆ ಇದೆಲ್ಲ ಯಾಕೆ ಎಂದು ಕೇಳುವಷ್ಟು ಧೈರ್ಯ ಆ ಸ್ವರ ಯಾರಿಗೂ ಕೊಡಲಿಲ್ಲ. ಅಜ್ಮಲ್ ಓಡಿದ.

ಶಶಿಪ್ರಭಾ ಜುಲೈಕಾಳನ್ನು ಬಾವಿಕಟ್ಟೆಯ ಬಳಿಗೆ ಎಳೆದುಕೊಂಡು ಹೋದರು.

"ಅಜ್ಮಲ್ ಅಲ್ಲವಾ?" ಜುಲೈಕಾ ಪಿಸುಗುಟ್ಟಿದಳು.

"ಕಳ್ಳನಾಗಿದ್ದರೆ ಕ್ಯಾಲ್ಸಿಯಂ ಎಲ್ಲಿಗೆ ಹೋಗ್ತದೆ ಅಂತ ಅಂಗಳದಲ್ಲಿ ನಿಂತು ಬೊಬ್ಬೆ ಹಾಕ್ತಿದ್ದನಾ? ನಾವಿಬ್ಬರೂ ದಾರಿ ತಪ್ಪಿದೆವು ಜುಲೈಕಾ. ಬಾಟಲಿಗೆ ಸುಣ್ಣ ಹಾಕಿದ್ದು ಯಾರು ಅಂತ ಯೋಚಿಸಿದೆವು. ಅದರಲ್ಲಿದ್ದ ಮಾತ್ರೆ ಎಲ್ಲಿಗೆ ಹೋಯಿತು ಅಂತ ಕೇಳಲೇ ಇಲ್ಲ. ನಿಮಗೆ ಮದ್ದು ಸುರು ಮಾಡಿದಾಗ ಮೈಮೇಲೆ ಎಂಥ ಆಗಿತ್ತು?"

ಜುಲೈಕಾಳಿಗೆ ನೆನಪಾಯಿತು. ಎರಡು ವಾರ ಮೈಯೆಲ್ಲ ಕೆಂಪು ದದ್ದು. ಅವಳ ಕೈ ತಾನಾಗಿಯೇ ಬಾಯಿ ಮುಚ್ಚಿತು.

"ಯಾ ಅಲ್ಲಾಹ್... ರಾಫಿಯಾ?"

"ಸಿಗಡಿ ಬಿಟ್ಟರೂ ನಿಲ್ಲದ ದದ್ದು. ಕಣ್ಣಿನ ಹಳದಿ. ನಿಮಗೆ ಜೀವ ಕೊಡುವ ಮಾತ್ರೆ ಕಾಯಿಲೆ ಇಲ್ಲದ ಹೆಂಗಸಿನ ಯಕೃತ್ತನ್ನು ಹಾಳು ಮಾಡಬಹುದು. ನೀವು ಎಲುಬಿನ ಹಂದರ ಆಗಿದ್ದವರು ಒಂದು ವರ್ಷದಲ್ಲಿ ಕೆಂಪಗೆ ತುಂಬಿಕೊಂಡಿರಿ. ನಿಮ್ಮ ಅತ್ತೆ ಅದನ್ನು ನೋಡಿದರು. ಕೇಳಿದರು, ನೀವು ಕಿರುಚಿದಿರಿ. ಸೊಸೆಗೆ ಹೊಟ್ಟೆಕಿಚ್ಚು ಅಂದುಕೊಂಡು ತೆಗೆದರು, ಎಣಿಕೆ ತಪ್ಪಬಾರದು ಅಂತ ಮಗಳ ಮಾತ್ರೆ ನಿಮ್ಮ ಬಾಟಲಿಗೆ ಹಾಕಿದರು. ಕೊಲ್ಲಲಿಕ್ಕೆ ಅಲ್ಲ. ಅವರ ಲೆಕ್ಕದಲ್ಲಿ ಎರಡೂ ಕ್ಯಾಲ್ಸಿಯಂ, ನಿಮ್ಮದು ಸ್ವಲ್ಪ ಒಳ್ಳೆಯದು."

"ಈಗ?"

"ಆಸ್ಪತ್ರೆಯಲ್ಲಿ ಯಾವ ಮಾತ್ರೆ ಅಂತ ಹೇಳಲೇಬೇಕು. ಇಂದಿನಿಂದ ಒಂದೂ ಕೊಡಬಾರದು. ಆದರೆ ಗುಟ್ಟು ನಿಮ್ಮದು. ನಾನು ಬಾಯಿ ಬಿಡುವ ಹಾಗಿಲ್ಲ."

ಬಾವಿಕಟ್ಟೆಯಿಂದ ಜಗಲಿಗೆ ಹದಿನೈದು ಹೆಜ್ಜೆ. ಅಷ್ಟು ದೂರ ನಡೆದದ್ದು ಜುಲೈಕಾಳಿಗೆ ಅದೇ ಮೊದಲು ಅನ್ನಿಸಿತು. ರಾಫಿಯಾ ಬಟ್ಟೆ ಕಟ್ಟಲು ಒಳಗೆ ಹೋಗಿದ್ದಳು.

"ಮಾಮಿ, ನನ್ನ ಮಾತ್ರೆ ರಾಫಿಯಾಳಿಗೆ ಕೊಟ್ಟಿರಾ?"

ಬೀಯಮ್ಮ ತಲೆ ಎತ್ತಲಿಲ್ಲ. "ಕೊಟ್ಟೆ. ಬದಲಿಗೆ ನಿನಗೂ ಹಾಕಿದ್ದೇನಲ್ಲ? ಏನು ಕಡಿಮೆ ಮಾಡಿದೆ?"

"ಅದು ಅವಳಿಗೆ ಆಗುವುದಿಲ್ಲ. ಅದರಿಂದಲೇ ಈ ದದ್ದು."

"ನೀನು ತಿಂದು ಗುಂಡಗಾದೆ, ನನ್ನ ಮಗಳಿಗೆ ಮಾತ್ರ ಆಗುವುದಿಲ್ಲವಾ?"

ಜುಲೈಕಾ ಇನ್ನೊಂದು ಸುಳ್ಳಿಗಾಗಿ ಹುಡುಕಿದಳು. ಸಿಗಲಿಲ್ಲ. ಅತ್ತೆಯ ಪಕ್ಕ ಕುಳಿತಳು. ಕಾಯಿಲೆಯ ಹೆಸರನ್ನು ಆ ಮನೆಯಲ್ಲಿ ಮೊದಲ ಸಲ ಬಾಯಿಂದ ಹೊರಗೆ ಹಾಕಿದಳು.

ತಡ್ಪೆ ಜಾರಿ ಎಲೆಗಳು ನೆಲಕ್ಕೆ ಚೆಲ್ಲಿದವು. ಬೀಯಮ್ಮ ಅವನ್ನು ಹೆಕ್ಕಲಿಲ್ಲ.

"ನಾಸಿರನಿಗೂ ಇದೇನಾ?"

"ಹೌದು ಮಾಮಿ."

"ಅವನಿಗೆ ಯಾಕೆ ಈ ಮಾತ್ರೆ ಕೊಡಲಿಲ್ಲ?"

"ಇದೇ ಕಾಯಿಲೆ ಅಂತ ಗೊತ್ತಾಗುವ ಮೊದಲೇ ಹೋದರು ಮಾಮಿ."

ಬೀಯಮ್ಮ ಎದ್ದು ಒಳಗೆ ಹೋದರು. ಕೋಣೆಯಲ್ಲಿರುವ ತನ್ನ ಬಟ್ಟೆಗಳನ್ನು ಹೊರಗೆ ಎಸೆಯುವ ಸದ್ದಿಗಾಗಿ ಜುಲೈಕಾ ಕಾದಳು. ಸದ್ದು ಬರಲಿಲ್ಲ. ಬೀಯಮ್ಮ ಒಂದು ಚಿಕ್ಕ ಡಬ್ಬಿಯೊಂದಿಗೆ ಹೊರಗೆ ಬಂದು ಅದನ್ನು ಶಶಿಪ್ರಭಾರ ಕೈಯಲ್ಲಿಟ್ಟರು. ಉಳಿದ ಕಹಿ ಮಾತ್ರೆಗಳು.

"ಇದನ್ನು ಇವಳು ಪುನಃ ಸುರು ಮಾಡಬಹುದಾ?"

"ಡಾಕ್ಟರನ್ನು ಕೇಳಿ ಮಾಡುವ. ಬೇಗ ಗೊತ್ತಾಗಿದೆ, ಮದ್ದು ಕೈಕೊಟ್ಟಿರಲಿಕ್ಕಿಲ್ಲ. ಮೂರು ತಿಂಗಳಲ್ಲಿ ಪುನಃ ರಕ್ತ ನೋಡಿದರೆ ತಿಳಿಯುತ್ತದೆ."

ರಿಫಾಳನ್ನು ನೆರೆಮನೆಗೆ ಕಳಿಸುವಷ್ಟರಲ್ಲಿ ಜೀಪು ಬಂತು. ಓಡಿಸುವವನ ಪಕ್ಕದಲ್ಲಿ ಅಜ್ಮಲ್. ಸೂರ್ಯ ಮುಳುಗಿತ್ತು, ಶಶಿಪ್ರಭಾರ ಊಟ ಆ ದಿನಕ್ಕೆ ತಪ್ಪಿತು. ಬಸ್ಸಿಗೆ ಹೊರಡುವ ಮೊದಲು ಅವರು ಮಾತ್ರೆಯ ಹೆಸರು ಬರೆದ ಚೀಟಿಯನ್ನು ಮಡಚಿ ಜುಲೈಕಾಳ ಅಂಗೈಗೆ ಒತ್ತಿದರು. ರಾಫಿಯಾಳನ್ನು ಹತ್ತಿಸಿ, ತಾನೂ ಹತ್ತಿ, ಬೀಯಮ್ಮ ಪಕ್ಕದ ಜಾಗದಿಂದ ಸೆರಗು ಎಳೆದುಕೊಂಡರು.

"ಹತ್ತು."

ಜುಲೈಕಾ ಹತ್ತಿದಳು. ಮಗಳ ಕಣ್ಣಿನ ಹಳದಿಯನ್ನೇ ನೋಡುತ್ತಿದ್ದ ಬೀಯಮ್ಮನ ಕೈ ಅವಳ ಕೈಗೆ ತಾಗಿತು, ಹಿಂದೆ ಸರಿಯಲಿಲ್ಲ.

"ಏನಾಯ್ತು ಉಮ್ಮ? ಟೀಚರ್ ಎಂಥ ಹೇಳಿದ್ರು?" ಅಜ್ಮಲ್ ಹಿಂದೆ ತಿರುಗಿದ.

ಜುಲೈಕಾ ಅಂಗೈಯ ಚೀಟಿಯನ್ನು ಮುಷ್ಟಿಯಲ್ಲಿ ಮುಚ್ಚಿದಳು.

"ಎಂಥದೂ ಇಲ್ಲ. ನೀನು ಮುಂದೆ ನೋಡು," ಎಂದರು ಬೀಯಮ್ಮ. ಆಮೇಲೆ ಸೊಸೆಯ ಕಡೆಗೆ, ಎಲ್ಲರಿಗೂ ಕೇಳುವ ಹಾಗೆ: "ಹೊಲಿಗೆ ಕ್ಲಾಸು ಇನ್ನು ಯಾವಾಗ?"

"ಬರುವ ಸೋಮವಾರ."

"ನಾನೂ ಬರ್ತೇನೆ. ಅಳತೆ ಸರಿ ತೆಗೀತಾರಾ ನೋಡಬೇಕು."