ಉತ್ತರದ ಇಳಿಜಾರಿನ ಗಿಡ್ಡಿ

“ಶುಕ್ರವಾರ ಸಂಜೆಯೊಳಗೆ ಗಿಡ ತನ್ನಿ, ಜೊತೆಗೆ ಅದು ಬೆಳೆದ ಜಾಗದ ಫೋಟೋ. ಇಲ್ಲಾಂದ್ರೆ ಶನಿವಾರ ಕಲ್ಲುಗಣಿಯವರು ಉತ್ತರದ ಇಳಿಜಾರಿಗೆ ಸಿಡಿಮದ್ದು ಇಡ್ತಾರೆ,” ಎಂದಿದ್ದರು ನಕ್ಷೆ ಕಚೇರಿಯ ಸಾಹೇಬರು.

ಗಿಡ ಹೆಬ್ಬೆರಳಿಗಿಂತ ಗಿಡ್ಡ. ಮಳೆಗೆ ಮೊಳೆತು, ರಸ ತುಂಬಿದ ಕೆಂಪು ಎಲೆ ಬಿಟ್ಟು, ಹೂವಾಗಿ, ಬೀಜ ಉದುರಿಸಿ, ಬೇಸಿಗೆಗೆ ಮೊದಲೇ ಸತ್ತುಹೋಗುತ್ತದೆ. ಈ ಅಪರೂಪದ ಗಿಡವಿರುವ ಜಾಗದ ಸುತ್ತ ನಕ್ಷೆಯಲ್ಲಿ ಗೆರೆ ಬಿದ್ದರೆ ಅಲ್ಲಿ ಬಂಡೆ ಒಡೆಯುವಂತಿಲ್ಲ. ದಕ್ಷಿಣದ ಇಳಿಜಾರಿನಲ್ಲಿ ಮಾತ್ರ ಇದೆ ಎನ್ನುತ್ತಿತ್ತು ನಕ್ಷೆ. ಸಾಹೇಬರು ಉತ್ತರದಲ್ಲಿ ಹುಡುಕಿದ್ದು ನಡುಬೇಸಿಗೆಯಲ್ಲಿ!

“ಬೀಜ ಮಲಗಿರೋವಾಗ ಹೋಗಿ ಕರೆದ್ರೆ ಎದ್ದು ಬಂದು ಸಲಾಂ ಹೊಡೀಬೇಕಿತ್ತಾ?” ಸಸ್ಯಶಾಸ್ತ್ರ ಓದಿದ ಅಕ್ಕ ಸೊಂಟಕ್ಕೆ ಹಗ್ಗ ಬಿಗಿಯುತ್ತ ಗುಡುಗಿದಳು.

ಜೊತೆಗಿದ್ದ ತಮ್ಮ ಸಾಹೇಬರ ದನಿಯನ್ನು ಮೂಗಿನಲ್ಲಿ ಅಣಕಿಸಿದ. “ಏನಮ್ಮಾ ಇದು, ಗಿಡಾನೋ ಹಲ್ಲುಕಡ್ಡೀನೋ?”

“ಬಾಯ್ಮುಚ್ಚು. ಹಾಗನ್ನಿಸಿಕೊಂಡಿದ್ದು ನಿನ್ನಿಂದ್ಲೇ.”

ನಿಜವೇ. ಕಳೆದ ವಾರ ಉತ್ತರದಲ್ಲಿ ಸಿಕ್ಕಿದ್ದ ಒಂದೇ ಗಿಡವನ್ನು ಅವನು ಹಸಿಯಾಗಿಯೇ ಕಾಗದದ ನಡುವೆ ಒತ್ತಿಟ್ಟಿದ್ದ. ರಸಗಿಡ ಅಷ್ಟಕ್ಕೆಲ್ಲ ಸಾಯುವುದಿಲ್ಲ. ಒಳಗೇ ಉಸಿರಾಡಿಕೊಂಡಿದ್ದು ಎಲೆಗಳನ್ನೆಲ್ಲ ಉದುರಿಸಿಬಿಡುತ್ತದೆ. ಸಾಹೇಬರ ಮುಂದೆ ಬಿಚ್ಚಿದಾಗ ಉಳಿದದ್ದು ಬರೀ ಕಡ್ಡಿ. ಮೊದಲು ಕುದಿಯುವ ನೀರಿನಲ್ಲಿ ಅದ್ದಬೇಕಿತ್ತು.

ಇಬ್ಬರೂ ಹತ್ತಿದರು. ಕೆಳಗೆ ಯಂತ್ರಗಳು ಆಗಲೇ ಬಂಡೆಗೆ ತೂತು ಕೊರೆಯುತ್ತಿದ್ದವು. ಆ ಅದುರಾಟಕ್ಕೆ ಬಂಡೆಯೇ ಹಲ್ಲು ಕಡಿಯುತ್ತಿರುವಂತಿತ್ತು.

ಕಲ್ಲು ಜಾರಿತು. ತಮ್ಮ ಜಾರಿದ. ಹಗ್ಗ ಸೆಳೆಯಿತು.

“ಹಿಡ್ಕೋ!”

“ಹಿಡ್ಕೊಂಡಿದೀನಿ! ನೀರಿನ ಚೀಲ ಹೋಯ್ತಕ್ಕಾ!”

ಅವನನ್ನು ಎಳೆದುಕೊಂಡು ಅವಳು ಚಾಚುಬಂಡೆಯ ಮೇಲೆ ಬಿದ್ದಳು. ಕಣ್ಣೆದುರಿಗೇ, ಅಂಗೈಯಗಲದ ಮಣ್ಣಿನಲ್ಲಿ ಕೆಂಪು ಮಣಿಗಳನ್ನು ಚೆಲ್ಲಿದಂತೆ ಗಿಡಗಳು. ತುದಿಯಲ್ಲಿ ಸಾಸಿವೆಯಷ್ಟು ಬಿಳಿ ಹೂ. ಅಲ್ಲಿಂದಾಚೆ ಬಂಡೆಯ ಗುಳಿಗುಳಿಯಲ್ಲೂ ಅದೇ ಕೆಂಪು, ಉತ್ತರದ ಅಂಚಿನವರೆಗೂ.

ಫೋಟೋ ತೆಗೆದಾಯಿತು. ಅಕ್ಕನ ಸೊಂಟದಲ್ಲಿ ಉಳಿದಿದ್ದ ಒಂದೇ ಬಾಟಲಿ ನೀರು, ಬೆನ್ನಚೀಲದಿಂದ ತೆಗೆದ ಪುಟ್ಟ ಒಲೆಯ ಮೇಲಿನ ಪಾತ್ರೆಗೆ ಬರಿದಾಯಿತು.

“ಅಕ್ಕಾ, ಅದು ಕುಡಿಯೋ ನೀರು!”

“ಗೊತ್ತು. ಆ ಸಾಹೇಬನ ಮೇಲಿನ ಸಿಟ್ಟು ಕುಡ್ಕೊಂಡೇ ಇಳೀತೀನಿ.”

ಎರಡು ಗಿಡ ಕುದಿನೀರಿಗೆ ಇಳಿದು, ಕಾಗದದ ನಡುವೆ ಮಲಗಿದವು. ನಾಲಿಗೆ ಅಂಗುಳಕ್ಕೆ ಅಂಟಿಕೊಂಡು, ಮೊಣಕೈ ತರಚಿಕೊಂಡು, ಲಾರಿಯೊಂದರ ಹಿಂಬದಿಯಲ್ಲಿ ಕೂತು, ಬಾಗಿಲು ಹಾಕುವ ಹೊತ್ತಿಗೆ ಕಚೇರಿ ಸೇರಿದರು.

ಸಾಹೇಬರು ಎಲೆಯೊಂದನ್ನು ಉಗುರಿನಿಂದ ಮೀಟಿದರು. ಬೀಳಲಿಲ್ಲ. ಮತ್ತೆ ಮೀಟಿದರು. ಫೋಟೋದಲ್ಲಿ ಗಿಡದ ಹಿಂದೆ ಉತ್ತರದ ಬಂಡೆ ಕೊರೆಯುವ ಯಂತ್ರವೂ ಕಾಣುತ್ತಿತ್ತು. ಅವರು ಗಂಟಲು ಸರಿಮಾಡಿಕೊಂಡು ಎರಡು ಲೋಟ ನೀರು ಮುಂದಿಟ್ಟರು.

“ತುಂಬಾ ಬಳಲಿದೀರಿ. ಮೊದಲು ನೀರು ಕುಡೀರಿ.”

ತಮ್ಮನ ಕೈ ಮುಂದೆ ಹೋಯಿತು. ಅಕ್ಕ ಅದರ ಮೇಲೊಂದು ಏಟು ಹಾಕಿದಳು.

“ಮೊದಲು ಗೆರೆ ಎಳೀರಿ.”

ಪೆನ್ಸಿಲ್ ಗೊಣಗುತ್ತ ಹೊರಟಿತು. ಉತ್ತರದ ಇಳಿಜಾರನ್ನೆಲ್ಲ ಬಳಸಿ ಬಂದು ಹಳೆಯ ಗೆರೆಗೆ ಕೂಡಿತು. ಕೆಳಗೆ ಸಹಿ ಬಿತ್ತು. ಆಗ ಅಕ್ಕ ತನ್ನ ಲೋಟ ಎತ್ತಿದಳು, ಗಟಗಟ ಕುಡಿದಳು, ಆಮೇಲೆ ತಮ್ಮನದನ್ನೂ.