ಮಾರಾಜರ ಮನೆ

“ಮಿಸ್, ಮೇಘನಂದು ಮಾರಾಜರ ಮನೆ,” ಎಂದು ಅವಳದೇ ಊರಿನ ಅಪ್ಪು ಹಿಂದಿನ ಬೆಂಚಿನಿಂದ ಎದ್ದು ನಿಂತು ಹೇಳಿದ.

ಇಡೀ ಐದನೇ ಕ್ಲಾಸು ಗೊಳ್ಳೆಂದು ನಕ್ಕಿತು. ಮೇಘನ ತಲೆ ಬಗ್ಗಿಸಿ ಪೆನ್ಸಿಲಿನ ತುದಿ ನೋಡುತ್ತ ಕೂತಳು.

ಇಫ್ಫತ್ ಮಿಸ್ ಬೋರ್ಡಿನ ಮೇಲೆ ರಾಜವಂಶಗಳ ಹೆಸರು ಬರೆದಿದ್ದರು. ಕದಂಬ, ಗಂಗ, ಹೊಯ್ಸಳ, ಒಡೆಯರ್. ಒಂದು ವಂಶಕ್ಕೆ ಮರದಿಂದ ಹೆಸರು ಬಂತಂತೆ, ಇನ್ನೊಂದಕ್ಕೆ ಹುಲಿ ಹೊಡೆದದ್ದಕ್ಕೆ ಬಂತು ಅಂತ ಕತೆ ಹೇಳುತ್ತಾರಂತೆ. “ರಾಜರಿಗೆ ಮಾತ್ರ ಅಲ್ಲ, ನಿಮ್ಮ ಮನೆಗಳಿಗೂ ಹೆಸರಿರುತ್ತಲ್ಲ?” ಎಂದು ಮಿಸ್ ಕೇಳಿದ್ದೇ ತಡ, ಮಕ್ಕಳು ತಮ್ಮ ತಮ್ಮ ಮನೆ ಹೆಸರು ಕೂಗತೊಡಗಿದ್ದರು. ಗಾಣದ ಮನೆ. ಬಾವಿ ಮನೆ. ಪಟೇಲರ ಮನೆ. ಆಗಲೇ ಅಪ್ಪು ಎದ್ದದ್ದು.

“ಮಾರಾಜರ ಮನೆ ಅಂದ್ರೆ ಅರಮನೆ ತಾನೇ ಮಿಸ್? ಇವ್ರ ಅರಮನೇಲಿ ಮಳೆ ಬಂದ್ರೆ ಸಿಂಹಾಸನದ ಮೇಲೆ ಬಕೆಟ್ ಇಡ್ತಾರೆ.”

“ಅಪ್ಪು, ಸಾಕು, ಕೂತ್ಕೋ,” ಎಂದರು ಮಿಸ್. “ಸೋಮವಾರ ಒಬ್ಬೊಬ್ಬರೇ ಮುಂದೆ ಬಂದು ನಿಮ್ಮ ಮನೆ ಹೆಸರು ಏನು, ಅದು ಹೇಗೆ ಬಂತು ಅಂತ ಹೇಳಬೇಕು. ಮನೇಲಿ ಕೇಳ್ಕೊಂಡು ಬನ್ನಿ.”

ಮೇಘನಳಿಗೆ ಕೇಳುವುದೇನೂ ಇರಲಿಲ್ಲ. ಅವಳ ತಾತ ದ್ಯಾವಯ್ಯ ಊರಿನ ನಾಟಕದಲ್ಲಿ ಪ್ರತಿ ವರ್ಷ ರಾಜನ ಪಾರ್ಟು ಮಾಡುತ್ತಿದ್ದ. ಅದಕ್ಕೇ ಆ ಹೆಸರು. ದ್ಯಾವಯ್ಯನ ಮನೆ ಎಲ್ಲಿ ಅಂದರೆ ಊರಲ್ಲಿ ದೊಡ್ಡವರೂ ಯೋಚನೆ ಮಾಡುತ್ತಾರೆ. ಮಾರಾಜರ ಮನೆ ಎಲ್ಲಿ ಅಂದರೆ ಚಿಕ್ಕ ಮಗುವೂ ಕೈ ತೋರಿಸುತ್ತದೆ. ಆ ಕೈ ತೋರಿಸಿದ ಕಡೆ ಇರುವುದು ಎರಡು ಕೋಣೆಯ ಶೀಟಿನ ಮನೆ.

ಸೋಮವಾರದೊಳಗೆ ಈ ಹೆಸರು ಹೋಗಬೇಕು. ಬಸ್ಸಿನಲ್ಲಿ ಬರುವಾಗಲೇ ಮೇಘನ ನಿಶ್ಚಯ ಮಾಡಿಬಿಟ್ಟಳು. ಪಾರ್ಟಿನಿಂದ ಬಂದ ಹೆಸರು ತಾನೇ? ಪಾರ್ಟು ಬದಲಾದರೆ ಹೆಸರೂ ಬದಲಾಗುತ್ತದೆ.

ತಾತ ಹಿತ್ತಲಲ್ಲಿ ಹಸುವಿಗೆ ಕಬ್ಬಿನ ಸೋಗೆ ಹಾಕುತ್ತಿದ್ದ. ಮೇಘನ ಬ್ಯಾಗು ಇಳಿಸದೆ ನೇರ ಅಲ್ಲಿಗೇ ಹೋದಳು.

“ತಾತ, ಈ ಸಲ ನೀನು ರಾಜನ ಪಾರ್ಟು ಮಾಡ್ಬ್ಯಾಡ.”

“ಯಾಕವ್ವ, ನೀನ್ ಮಾಡೀಯಾ?”

“ನಗ್ಬ್ಯಾಡ. ಸ್ಕೂಲಲ್ಲಿ ಎಲ್ರೂ ಆಡ್ಕೋತಾರೆ, ಮಾರಾಜರ ಮನೆ ಅಂತ. ಬೇರೆ ಪಾರ್ಟು ತಗೋ. ಮಂತ್ರಿದು ತಗೋ.”

ಸೋಗೆ ಹಾಕುತ್ತಿದ್ದ ಕೈ ನಿಂತಿತು. “ಆಡ್ಕೋತಾವ್ರಾ?”

“ದಿನಾ.”

ದಿನವೂ ಅಲ್ಲ. ಆದರೆ ಆ ಹೊತ್ತಿಗೆ ಮೇಘನಳಿಗೆ ಹಾಗೇ ಅನ್ನಿಸಿತು.

ತಾತ ಹಸುವಿನ ಬೆನ್ನು ಸವರಿದ. “ಆಯ್ತು ಬುಡು,” ಎಂದ ಆಮೇಲೆ. “ಶಂಕರ ಆ ಪಾರ್ಟಿಗೆ ಅಂತ ಎಷ್ಟೋ ವರ್ಷದಿಂದ ನಾಟ್ಕದ ಮೇಷ್ಟ್ರ ಹಿಂದೆ ಬಿದ್ದವ್ನೆ. ಅವ್ನಿಗೇ ಬುಟ್ಕೊಡ್ತೀನಿ.”

ಜಗಳ ಮಾಡಬೇಕಾಗುತ್ತದೆ, ಅಳಬೇಕಾಗುತ್ತದೆ ಎಂದೆಲ್ಲ ಮೇಘನ ಲೆಕ್ಕ ಹಾಕಿದ್ದಳು. ಏನೂ ಬೇಕಾಗಲಿಲ್ಲ.

ಮಾರನೆಯ ಸಂಜೆ ಗುಡಿಯ ಜಗುಲಿ ಮೇಲೆ ನಾಟಕದ ಪ್ರಾಕ್ಟೀಸು. ಸಂತೆಬಾಚಹಳ್ಳಿಯಿಂದ ಚಿಕ್ಕಯ್ಯ ಮೇಷ್ಟ್ರು ಮೊಪೆಡ್ಡಿನ ಮೇಲೆ ಹಾರ್ಮೋನಿಯಂ ಕಟ್ಟಿಕೊಂಡು ಬಂದಿದ್ದರು. ಒಂದು ಪ್ಲಾಸ್ಟಿಕ್ ಕುರ್ಚಿಯೇ ಸಿಂಹಾಸನ. ಮೇಘನ ಕಂಬದ ಪಕ್ಕ ನಿಂತು ನೋಡಿದಳು.

“ರಾಜರು ಬರ್ಲಿ,” ಎಂದು ಮೇಷ್ಟ್ರು ಹಾರ್ಮೋನಿಯಂ ಒತ್ತಿದರು. ತಾತ ಎದ್ದು, ಎದೆಯುಬ್ಬಿಸಿ, ಸೀದಾ ಕುರ್ಚಿಯ ಕಡೆ ನಡೆದ.

ಜನ ನಕ್ಕರು. “ಲೇ ದ್ಯಾವಯ್ಯ, ಅಲ್ಲಿ ಕೂರೋನು ಶಂಕರ ಕಣ್ಲಾ,” ಎಂದರು ಮೇಷ್ಟ್ರು. “ನೀನು ಪಕ್ಕಕ್ಕೆ ನಿಂತ್ಕೊ, ಕೈ ಕಟ್ಕೊಂಡು.”

“ಕಾಲು ತಾನಾಗೇ ಅಲ್ಲಿಗೋಯ್ತು ಕಣ್ಲಾ ಚಿಕ್ಕಯ್ಯ,” ಎಂದು ತಾತನೂ ನಕ್ಕ. ಪಕ್ಕಕ್ಕೆ ಸರಿದು ಕೈ ಕಟ್ಟಿದ. ತಲೆಗೆ ಟವೆಲಿನ ಕಿರೀಟ ಸುತ್ತಿಕೊಂಡಿದ್ದ ಶಂಕರ ಕುರ್ಚಿಯಲ್ಲಿ ಕೂತ.

“ಅಪ್ಪಣೆಯಾಗಲಿ ಮಹಾಪ್ರಭು,” ಎಂದು ತಾತ ತಲೆ ಬಾಗಿದ.

“ಇನ್ನೂ ವಸಿ ಬಗ್ಗು. ಮಂತ್ರಿ ಕಣ್ಲಾ ನೀನು,” ಎಂದರು ಮೇಷ್ಟ್ರು.

ತಾತ ಇನ್ನೂ ಬಗ್ಗಿದ.

ತಾನು ಕೇಳಿದ್ದೇ ಇದು. ಆದರೂ ಮೇಘನಳಿಗೆ ಅಲ್ಲಿ ನಿಲ್ಲಲಾಗಲಿಲ್ಲ.

ಮನೆಯಲ್ಲಿ ಅಜ್ಜಿ ಚಲುವಮ್ಮ ಅವರೆಕಾಯಿ ಸುಲಿಯುತ್ತಿದ್ದಳು. ಮೇಘನ ಎದುರಿಗೆ ಕೂತು ತಾನೂ ಒಂದು ಹಿಡಿ ಎಳೆದುಕೊಂಡಳು.

“ಅಜ್ಜಿ, ತಾತ ರಾಜನ ಪಾರ್ಟು ಮಾಡೋಕ್ಮುಂಚೆ ನಮ್ಮನೇಗೆ ಏನಂತಿದ್ರು?”

“ಅದ್ಯಾಕೆ ಈಗ?”

“ಸ್ಕೂಲಲ್ಲಿ ಹೇಳ್ಬೇಕು.”

ಅಜ್ಜಿ ಕಾಯಿ ಸುಲಿಯುತ್ತಲೇ ಇದ್ದಳು. ತಲೆ ಎತ್ತದೆಯೇ ಹೇಳಿದಳು. “ತಂಗಳಮ್ಮನ ಮನೆ.”

“ಯಾರು ತಂಗಳಮ್ಮ?”

“ನಿಮ್ತಾತನ ಅವ್ವ. ಅವಳ ಹೆಸ್ರು ಪುಟ್ಟತಾಯಮ್ಮ. ಕಂಡೋರ ಮನೇಲಿ ಮುಸುರೆ ತಿಕ್ಕಿ, ಕೊಟ್ಗೆ ಬಾಚಿ, ಅವ್ರು ಕೊಟ್ಟ ತಂಗಳ ಹಿಟ್ಟ, ರಾತ್ರಿ ಮಿಕ್ಕಿದ್ದ ರಾಗಿಮುದ್ದೆಯ, ಸೆರಗಲ್ಲಿ ಕಟ್ಕೊಂಡು ಬರೋಳು. ಮಕ್ಳು ತಿನ್ನಬೇಕಲ್ಲ. ಅಷ್ಟಕ್ಕೇ ಆ ಹೆಸ್ರು. ನಾನು ಸೊಸೆಯಾಗಿ ಬಂದಾಗ್ಲೂ ನನ್ನ ಅಂಗೇ ಕರುದ್ರು, ತಂಗಳಮ್ಮನ ಸೊಸೆ ಅಂತ.”

ಮೇಘನಳ ಕೈಯಲ್ಲಿ ಕಾಯಿ ಹಾಗೇ ಉಳಿಯಿತು. “ಆಮೇಲೆ?”

“ಆ ನಾಟ್ಕದಲ್ಲಿ ರಾಜ ಕೊನೇಲಿ ರಾಜ್ಯ ಕಳ್ಕೊಂಡು ತಿರ್ಪೆ ಎತ್ತುತಾನೆ, ಗೊತ್ತಲ್ಲ. ಆ ಕಾಲ್ದಲ್ಲಿ ಕಿರೀಟ ಇಡೋಕೆ ಎಲ್ರೂ ಮುಂದು. ತಿರ್ಪೆ ಬಟ್ಲು ಹಿಡಿಯೋಕೆ ದೊಡ್ಡ ಮನೆಯೋರು ಒಬ್ರೂ ಒಪ್ಲಿಲ್ಲ. ‘ತಂಗಳಮ್ಮನ ಮಗ ಮಾಡ್ಲಿ, ಅವ್ನಿಗೆ ಅಭ್ಯಾಸ ಅದೆ’ ಅಂದ್ರು.”

“ತಾತ ಏನಂದ?”

“ಏನೂ ಅನ್ನಲಿಲ್ಲ. ಮಾಡ್ದ. ಎಂಗ್ ಮಾಡ್ದ ಅಂತೀಯ, ಅವನು ಬಟ್ಲು ಹಿಡ್ಕೊಂಡು ಬಂದ್ರೆ ನಕ್ಕೋರೇ ಇಲ್ಲ. ಮಾರ್ನೇ ಬೆಳಗ್ಗೆ ನಿಮ್ಮುತ್ತಜ್ಜಿ ನೀರಿಗೋದ್ರೆ ಯಾರೋ ‘ಜಾಗ ಬುಡ್ರೇ, ಮಾರಾಜರ ಮನೆಯೋರು ಬಂದವ್ರೆ’ ಅಂದ್ಲಂತೆ. ತಮಾಸೆಗೇ ಅಂದದ್ದು. ಆದ್ರೂ ನಮ್ಮತ್ತೆ ಮನೆಗ್ಬಂದು ಬಿಂದ್ಗೆ ಇಳಿಸ್ದೇ ವಸಿ ಹೊತ್ತು ಅಂಗೇ ನಿಂತಿದ್ಲು.”

ಅಜ್ಜಿ ಸಿಪ್ಪೆಯನ್ನು ಮೊರಕ್ಕೆ ತುಂಬಿ ಎದ್ದುಹೋದಳು.

ಭಾನುವಾರ ಪ್ರಾಕ್ಟೀಸು ಶುರುವಾಗುವ ಮೊದಲೇ ಮೇಘನ ಜಗುಲಿ ಹತ್ತಿದಳು. ಅಷ್ಟೊಂದು ಗಂಡಸರ ಮುಂದೆ ಅವಳು ಯಾವತ್ತೂ ಮಾತಾಡಿರಲಿಲ್ಲ. ಆದರೂ ಮೇಷ್ಟ್ರ ಎದುರಿಗೇ ಹೋಗಿ ನಿಂತಳು.

“ನಮ್ತಾತನ ಪಾರ್ಟು ವಾಪಸ್ ಕೊಡಿ. ತಾತನ ತಪ್ಪಲ್ಲ. ನಾನೇ ಬ್ಯಾಡ ಅಂದಿದ್ದು.”

ಮೇಷ್ಟ್ರು ಶಂಕರನ ಮುಖ ನೋಡಿದರು. ಶಂಕರ ಕತ್ತು ಕೆರೆದುಕೊಂಡ.

“ಅಂಗಲ್ಲ ಕಣವ್ವ. ನಮ್ಮವ್ವ ಆಗ್ಲೇ ನೆಂಟರಿಗೆಲ್ಲ ಫೋನ್ ಮಾಡ್ಬುಟ್ಟವ್ಳೆ, ನನ್ ಮಗ ಈ ಸಲ ರಾಜ ಅಂತ. ಈಗ ಏನ್ ಹೇಳ್ಲಿ ಅವಳ್ಗೆ?”

 ಶಂಕರನ ಅವ್ವ ಫೋನು ಹಿಡಿದು ನಗುತ್ತಿರುವುದು ಮೇಘನಳ ಕಣ್ಣಿಗೆ ಬಂತು.

“ಕೊಟ್ಟದ್ದು ಕೊಟ್ಟಾಯ್ತು, ಬಾ ಮಗ,” ಎಂದು ತಾತ ಅವಳ ಕೈ ಹಿಡಿದು ಕೆಳಗಿಳಿಸಿದ.

“ತಾತ, ನಂದೇ ತಪ್ಪು.”

“ಮಂತ್ರಿದೂ ಪಾರ್ಟೇ ಅಲ್ವಾ?”

“ಅಂಗೆ ಬಗ್ಗೋಕೆ ಬೇಜಾರಾಗಲ್ವಾ?”

“ಸೊಂಟ ವಸಿ ಹಿಡ್ಕೋತದೆ,” ಎಂದ ತಾತ. ಮೇಘನಳಿಗೆ ಅಳುವಿನ ನಡುವೆಯೇ ನಗು ಬಂತು.

ಸೋಮವಾರ ಇಫ್ಫತ್ ಮಿಸ್ ಹೆಸರು ಕರೆದಾಗ ಮೇಘನ ಬೋರ್ಡಿನ ಮುಂದೆ ಹೋಗಿ ನಿಂತಳು.

“ನಮ್ದು ಮಾರಾಜರ ಮನೆ.”

ನಗು ಎದ್ದಿತು. ಅವಳು ತಲೆ ಬಗ್ಗಿಸಲಿಲ್ಲ. ನಗು ತಾನಾಗಿ ಮುಗಿಯುವವರೆಗೆ ಕಾದಳು.

“ಅದಕ್ಕೆ ಮುಂಚೆ ತಂಗಳಮ್ಮನ ಮನೆ ಅಂತಿದ್ರು. ನಮ್ಮ ಮುತ್ತಜ್ಜಿ ಬೇರೆಯವರ ಮನೇಲಿ ಕೆಲಸ ಮಾಡಿ, ತಂಗಳ ಹಿಟ್ಟು ತರ್ತಿದ್ರು. ಅವರ ನಿಜವಾದ ಹೆಸರು ಪುಟ್ಟತಾಯಮ್ಮ.” ಆಮೇಲೆ ಬಟ್ಟಲಿನ ವಿಷಯ, ನೀರಿಗೆ ಹೋದ ಬೆಳಗಿನ ವಿಷಯ, ಒಂದೂ ಬಿಡದೆ ಹೇಳಿದಳು.

ಅಪ್ಪು ಕೈ ಎತ್ತಿದ. “ಈ ಸಲ ನಿಮ್ತಾತ ಮಂತ್ರಿಯಂತಲ್ಲ. ಇನ್ಮೇಲೆ ಮಂತ್ರಿ ಮನೆ ಅನ್ಬೇಕಾ?”

“ಪಾರ್ಟು ಮಂತ್ರಿದು,” ಎಂದಳು ಮೇಘನ. “ಮನೆ ಮಾರಾಜರದೇ.”

ಅಪ್ಪು ಕೈ ಇಳಿಸಿದ. ಮಿಸ್ ಮುಂದಿನವರನ್ನು ಕರೆದರು.

ಸಂಜೆ ಹಿತ್ತಲಲ್ಲಿ ತಾತ ಹಸುವಿನ ಮುಂದೆ ನಿಂತು ಮಂತ್ರಿಯ ಮಾತು ಉರು ಹೊಡೆಯುತ್ತಿದ್ದ. ಮೇಘನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕಾಲು ಮಡಚಿ ಕೂತಳು.

“ನನಗೆ ಹೇಳು ತಾತ. ನಾನು ರಾಜ.”

ತಾತ ಅವಳ ಕಡೆ ತಿರುಗಿ, ಕೈ ಕಟ್ಟಿ, ಸೊಂಟದವರೆಗೆ ಬಗ್ಗಿದ. “ಅಪ್ಪಣೆಯಾಗಲಿ ಮಹಾಪ್ರಭು.”

“ಅಷ್ಟೊಂದು ಬಗ್ಗಬ್ಯಾಡ,” ಎಂದಳು ಮೇಘನ.

“ಮೇಷ್ಟ್ರು ಬಯ್ತಾರೆ ಕಣವ್ವ.”

“ಇಲ್ಲಿ ಬಗ್ಗಬ್ಯಾಡ.”

ತಾತ ಅವಳನ್ನೇ ನೋಡಿದ. ನೆಟ್ಟಗೆ ನಿಂತ. ಗಂಟಲು ಸರಿಮಾಡಿಕೊಂಡು ಇನ್ನೊಂದು ಸಲ ಹೇಳಿದ. ಈ ಸಲ ಕತ್ತು ಮಾತ್ರ ಚೂರು ಬಾಗಿತು.