ಬೇಗಂನ ಸಪ್ಪನೆಯ ಸಾರು

"ಏನ ಹಾಕೀರಿ ನನ್ನ ಬೆಕ್ಕಿಗೆ?"

ಒಣಮೀನಿನ ಬುಟ್ಟಿಯಿಂದ ಅಬ್ದುಲ್ ರಜಾಕ ತಲೆ ಎತ್ತಿದ. ಎರಡು ಮನೆಗಳ ನಡುವಿನ ಮೋಟುಗೋಡೆಯ ಈಚೆ ರಜಿಯಾ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಈ ಮನುಷ್ಯನೆದುರು ಅಳುವುದಕ್ಕಿಂತ ಜಗಳವಾಡುವುದೇ ಮೇಲು.

"ನಿಮ್ಮ ಬೆಕ್ಕು ತಾನ ಬಂದು ತಿಂತೈತ್ರಿ. ನಾ ಕರ್ಯಾಕ ಹೋಗಿಲ್ಲ."

"ಬೆಳಿಗ್ಗಿಂದ ವಾಂತಿ, ಭೇದಿ. ಅದಕ್ಕೇನರ ಆದ್ರ ನಿಮ್ಮನ್ನ ಸುಮ್ನ ಬಿಡಂಗಿಲ್ಲ."

ಅದು ಮೂವತ್ತೆಂಟನೆಯ ಇಸವಿಯ ರಮಜಾನ್. ರಜಾಕ ಕಾರವಾರದಿಂದ ಒಣಮೀನು ತಂದು ಹಳಿಯಾಳದ ಸಂತೆಯಲ್ಲಿ ಮಾರುವವನು. ಪಕ್ಕದ ಮನೆಗೆ ಬಂದು ಮೂರು ತಿಂಗಳಾಗಿತ್ತು. ಅವನ ಬುಟ್ಟಿ ಇಳಿದ ದಿನವೇ ಬೇಗಂ ಪಕ್ಷ ಬದಲಿಸಿತ್ತು. ಬೇಗಂ ಎಂದರೆ ರಜಿಯಾಳ ಅಮ್ಮಿ ಕೊನೆಯ ವರ್ಷ ಮಡಿಲಲ್ಲಿಟ್ಟು ಸಾಕಿದ ಬೆಕ್ಕು. ಅಮ್ಮಿ ತೀರಿಕೊಂಡ ಮೇಲೆ ಅವಳದ್ದೆಂದು ಮನೆಯಲ್ಲಿ ಉಳಿದ ಜೀವ ಅದೊಂದೇ. ಅದನ್ನೂ ಮೀನಿನವನು ಒಲಿಸಿಕೊಂಡರೆ ಹೊಟ್ಟೆ ಉರಿಯದೇ? ರಜಿಯಾ ಕೆನೆಹಾಲು ಇಟ್ಟು ಕರೆದಳು. ಅವನು ಮೀನು ಇಟ್ಟ. ಅವಳು ಇನ್ನೊಂದು ಬಟ್ಟಲು ಇಟ್ಟಳು. ಇಬ್ಬರ ಹಟವನ್ನೂ ಬೇಗಂ ಚೊಕ್ಕಟವಾಗಿ ನೆಕ್ಕಿ ಮುಗಿಸುತ್ತಿತ್ತು.

ಪೇಟೆಗೆ ಕೋಳಿ ಮಾರಲು ಹೊರಟಿದ್ದ ಸಿದ್ದಿ ಹೆಂಗಸು ಮಾಗ್ದಲೀನಾ ಜಗಳ ಕೇಳಿ ಒಳಬಂದಳು. ಬೆಕ್ಕಿನ ಹೊಟ್ಟೆ ಒತ್ತಿ ನೋಡಿದಳು.

"ಹಾಲು ಎಷ್ಟ ಹಾಕಿದಿ?"

"ಮೂರು ಬಟ್ಟಲ."

"ನೀವು?"

"ನಾಕು ಮೀನ," ಎಂದ ರಜಾಕ ಮೆಲ್ಲಗೆ.

"ಇಬ್ರೂ ಕೂಡೇ ಕೆಡಿಸೀರಿ. ಹಾಲೂ ಬ್ಯಾಡ, ಉಪ್ಪಿನ ಮೀನೂ ಬ್ಯಾಡ. ಹೊತ್ತು ಮುಳುಗೂತನಕ ಬರೇ ನೀರು, ಸ್ವಲ್ಪ ಸ್ವಲ್ಪ. ಆಮ್ಯಾಲೆ ಕೋಳಿ ಬೇಯಿಸಿ, ಬಿಡಿಸಿ, ಒಂದೊಂದ ಚಮಚ ಕೊಡ್ರಿ. ಉಪ್ಪು, ಖಾರ, ಉಳ್ಳಾಗಡ್ಡಿ ಏನೂ ಹಾಕಬ್ಯಾಡ್ರಿ."

ಇಬ್ಬರೂ ರೋಜಾ ಇದ್ದರು, ಬೆಳಗಿನಿಂದ ಉಪವಾಸ. ಈಗ ಬೆಕ್ಕಿನದೂ ಸೇರಿತು.

ಅವಳಿಂದಲೇ ಒಂದು ಕೋಳಿ ಕೊಂಡು ಹಲಾಲ್ ಮಾಡಿ ರಜಾಕ ಗೋಡೆಯ ಮೇಲಿಟ್ಟ. "ಕೋಳಿ ನಂದು."

"ಒಲಿ ನಂದು. ಆ ಕಡೆ ತಿರುಗ್ರಿ."

ಅವನು ತಿರುಗಲಿಲ್ಲ. ಅವಳು ಹಿತ್ತಲಿನಲ್ಲಿ ಕೋಳಿ ತೊಳೆಯುವುದನ್ನೂ ಸೆರಗು ಸರಿಮಾಡಿಕೊಳ್ಳುವುದನ್ನೂ ಕಾವಲುಗಾರನ ಹಾಗೆ ನೋಡುತ್ತ ನಿಂತ. ಅವಳು ಬೇಕೆಂದೇ ಪಾತ್ರೆ ಕುಕ್ಕಿದಳು. ಅವನು ನಕ್ಕ. ಆ ನಗು ಅವಳಿಗೆ ಚೂರೂ ಇಷ್ಟವಾಗಲಿಲ್ಲ, ಆದರೂ ಮತ್ತೆ ತಿರುಗಿ ನೋಡಿದಳು.

ಕೋಳಿಸಾರಿನ ಪಕ್ಕದ ಒಲೆಯ ಮೇಲೆ, ಉಪವಾಸ ಬಿಡುವ ಇಫ್ತಾರಿನ ಗಂಜಿ ಕುದಿಯುತ್ತಿತ್ತು. ಸಂಜೆಯಾಗುವ ಹೊತ್ತಿಗೆ ರಜಿಯಾಳ ಕೈ ಥಟ್ಟನೆ ನಿಂತಿತು. ಉಪ್ಪಿನ ಭರಣಿಗೆ ಕೈ ಹಾಕಿದ್ದು ನೆನಪಿದೆ. ಹಾಕಿದ್ದು ಯಾವುದಕ್ಕೆ, ಗಂಜಿಗೋ ಬೆಕ್ಕಿನ ಸಾರಿಗೋ? ರುಚಿ ನೋಡುವಂತಿಲ್ಲ, ರೋಜಾ. ಬೇಗಂ ಮೂಲೆಯಲ್ಲಿ ಮುದುಡಿ ಬಿದ್ದಿತ್ತು.

"ಏನಾತ್ರಿ?"

"ನಿಮಗ್ಯಾಕ!" ಎಂದವಳ ಕಣ್ಣಲ್ಲಿ ನೀರೇ ಬಂತು. ಹೇಳಿಬಿಟ್ಟಳು.

ಅವನು ಗೇಲಿ ಮಾಡಲಿಲ್ಲ. "ಬಟ್ಟಲ ಇತ್ತ ಕೊಡ್ರಿ," ಎಂದ.

ಹೊತ್ತು ಮುಳುಗಿ, ಮಸೀದಿಯಿಂದ ಮಗ್ರಿಬ್‌ನ ಅಜಾನ್ ಕೇಳಿತು. ರಜಾಕ ಕೈಯಲ್ಲಿದ್ದ ಖರ್ಜೂರವನ್ನು ಗೋಡೆಯ ಮೇಲಿಟ್ಟು, ಬೆಕ್ಕಿನ ಸಾರಿನಿಂದಲೇ ರೋಜಾ ಬಿಟ್ಟ. ಮುಖ ಕಿವುಚಿದ.

"ಸಪ್ಪ. ಬರೇ ಸಪ್ಪ."

ರಜಿಯಾ ಚಮಚ ಹಿಡಿದಳು. ಬೇಗಂ ಮೂಸಿತು, ನೆಕ್ಕಿತು, ಇನ್ನಷ್ಟು ಬೇಕೆಂದು ಅವಳ ಬೆರಳನ್ನೂ ನೆಕ್ಕಿತು. ಆಗ ಅವಳು ನಿಜವಾಗಿಯೂ ಅತ್ತಳು. ಸ್ವಲ್ಪ ಹೊತ್ತು ಕಾದು ನೋಡಿದರು, ವಾಂತಿಯಾಗಲಿಲ್ಲ.

"ಮೀನ ಯಾಕ ಹಾಕ್ತಿದ್ರಿ?" ಅವಳ ದನಿ ಇನ್ನೂ ಬಿಗಿಯಾಗಿಯೇ ಇತ್ತು.

"ಬೆಕ್ಕು ಇತ್ತ ಬಂದ್ರ ನೀವು ಗ್ವಾಡಿತನಕ ಬರ್ತಿದ್ರಿ."

"ಬಯ್ಯಾಕ!"

"ಹೂಂ. ಅದನ್ನ ಕೇಳಾಕ." ಅವನು ತಲೆ ತಗ್ಗಿಸಿದ. "ತಪ್ಪಾತ್ರಿ. ಬೆಕ್ಕಿನ ಹೊಟ್ಟಿ ಕೆಡಸೂ ಬದ್ಲಿ ನಿಮ್ಮ ಅಬ್ಬಾನ ಕಡೆ ಹೆಣ್ಣ ಕೇಳಬೇಕಿತ್ತು."

ಅವಳಿಗೆ ಸಿಟ್ಟು ಬಂತು. ಅವನು ಕೇಳದೇ ಮೂರು ತಿಂಗಳು ದಂಡ ಮಾಡಿದ್ದಕ್ಕೆ ಇನ್ನೂ ಜಾಸ್ತಿ ಬಂತು.

"ಅಬ್ಬಾ ನಮಾಜ್ ಮುಗಿಸಿ ಬರೂ ಹೊತ್ತಾತು. ಆ ಮೀನಿನ ಕೈ ತೊಳಕೊಂಡು ಮುಂದಿನ ಬಾಗಿಲಿಗೆ ಬರ್ರಿ," ಎಂದು ಗದರಿದಳು. "ಗಂಜಿ ಐತಿ. ಉಪ್ಪು ಅದಕ್ಕ ಬಿದ್ದೈತಿ."